ಎದುರುಮನೆಯ ಸೌಂಡು

ಶಾಮಲಮ್ಮನ ಟಿವಿ ರಿಮೋಟು ನೀರಿನ ಬಕೆಟ್ಟಿಗೆ ಬಿದ್ದು ಕೆಟ್ಟಿತ್ತು. ಮಗ ಕದಿರೇಶ್ ಶ್ರೀನಿವಾಸಪುರದ ಪೇಟೆಯಿಂದ, ಯಾವ ಟಿವಿಗಾದರೂ ಆಗುವ ಯೂನಿವರ್ಸಲ್ ರಿಮೋಟು ತಂದಿದ್ದ. ಸೌಂಡಿನ ಬಟನ್ ಒತ್ತಿ ಹಿಡಿಯಬೇಕು, ಟಿವಿಯಲ್ಲಿ ಸೌಂಡಿನ ಗೆರೆ ಕಂಡ ಕೂಡಲೇ ಬಿಡಬೇಕು, ಅಷ್ಟೇ ಎಂದಿದ್ದ ಅಂಗಡಿಯವನು.

ಕದಿರೇಶ್ ತೆರೆದ ಬಾಗಿಲಿಗೆ ಬೆನ್ನು ಹಾಕಿ, ರಿಮೋಟನ್ನು ತಲೆಯ ಮೇಲೆತ್ತಿ ಒತ್ತಿದ. ಗೆರೆ ಕಾಣಲೇ ಇಲ್ಲ.

"ಏಮಿರಾ, ಇನ್ನೂ ಆಗಲಿಲ್ವಾ?" ಎಂದರು ಶಾಮಲಮ್ಮ. "ಅಂದಂಗೆ, ಎದುರುಮನೆ ರಂಜಿತನ್ನ ನೋಡೋಕೆ ಮಾಲೂರಿಂದ ಗಂಡಿನ ಕಡೆಯೋರು ಬಂದವ್ರೆ."

ಅವನಿಗೆ ಗೊತ್ತಿತ್ತು. ಬೀದಿಯಲ್ಲಿ ಆ ಬಿಳಿ ಕಾರು ಕಂಡಾಗಿನಿಂದ ಎದೆ ಹಿಂಡಿದಂತಾಗುತ್ತಿತ್ತು. ರಂಜಿತ ಗೌನಿಪಲ್ಲಿಯ ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಬಸ್ಸಿಗೆ ಓಡುವ ಅವಸರದಲ್ಲೂ ಅವನ ನರ್ಸರಿಯ ಮಾವಿನ ಸಸಿಗಳನ್ನು ನೋಡಿ, "ಎಲ್ಲಾ ಬದುಕಿದಾವಾ?" ಎಂದು ಕಣ್ಣರಳಿಸಿ ಕೇಳಿ ಹೋಗುವಳು. ಅಷ್ಟೇ ಪರಿಚಯ. ಅಷ್ಟಕ್ಕೆ ಎದೆ ಯಾಕೆ ಹೀಗೆ?

ಏನೂ ತೋಚದೆ ಬಟನ್ ಇನ್ನೂ ಗಟ್ಟಿಯಾಗಿ ಒತ್ತಿದ. ಎದುರುಮನೆಯ ಟಿವಿ ಕಿವಿ ಗುಯ್‌ಗುಡುವಂತೆ ಅರಚತೊಡಗಿತು. ಯಾರೋ ಪ್ಲಗ್ ಕಿತ್ತಿರಬೇಕು, ಥಟ್ಟನೆ ನಿಂತಿತು. ಆ ಮೌನದಲ್ಲಿ ರಂಜಿತಳ ಕೂಗು ಬೀದಿಗೆಲ್ಲ ಕೇಳಿತು: "ಇಲ್ಲ, ಕೆಲಸ ಬಿಡಲ್ಲ!"

ಸ್ವಲ್ಪ ಹೊತ್ತಿಗೆ ಕಾರು ಹೊರಟುಹೋಯಿತು. ರೇಷ್ಮೆ ಸೀರೆ, ಜಡೆಯಲ್ಲಿ ಕನಕಾಂಬರ. ರಂಜಿತ ಅವನ ಬಾಗಿಲಲ್ಲಿ ನಿಂತಿದ್ದಳು.

"ನಮ್ಮ ಟಿವಿ ಸೌಂಡ್ ಜಾಸ್ತಿ ಮಾಡಿದ್ದು ನೀವೇನಾ?"

"ನಾನಾ? ನಮ್ಮದೇ ಸೆಟ್ ಆಗ್ತಿಲ್ಲ."

"ರಿಮೋಟ್ ಉಲ್ಟಾ ಹಿಡ್ಕೊಂಡಿದೀರ."

ನೋಡಿಕೊಂಡ. ಹೌದು! ರಿಮೋಟಿನ ಬಲ್ಬಿನ ತುದಿ ಇಷ್ಟು ಹೊತ್ತೂ ನೇರ ಅವಳ ಮನೆಯ ಕಡೆಗಿತ್ತು.

"ಗಂಡಿನ ದೊಡ್ಡಪ್ಪ, ಕೆಲಸ ಬಿಡ್ತೀಯೇನಮ್ಮ ಅಂದ್ರು. ಮೆಲ್ಲಗೆ ಇಲ್ಲ ಅಂದೆ. ಆ ಸೌಂಡಿಗೆ ಕೇಳಿಸಲಿಲ್ಲ, ಕೂಗಿದೆ. ಎದ್ದು ಹೋದ್ರು."

"ಅಯ್ಯೋ, ತಪ್ಪಾಯ್ತು. ನಿಮ್ಮಪ್ಪನ ಹತ್ರ ನಾನೇ ಬಂದು ಹೇಳ್ತೀನಿ."

ಅವಳು ಕಣ್ಣಂಚಿನಿಂದ ಅವನನ್ನು ನೋಡಿದಳು. "ಹಂಗಾದ್ರೆ... ಬೇಕಂತ ಮಾಡಿದ್ದಲ್ವಾ?"

"ದೇವರಾಣೆ ಅಲ್ಲ!"

ಅವಳ ಮುಖ ಬಾಡಿತು, ಕಣ್ಣು ತುಂಬಿತು. "ಸರಿ ಬಿಡಿ," ಎಂದು ತಿರುಗಿ ನಡೆದಳು.

ಕದಿರೇಶ್ ಕಕ್ಕಾಬಿಕ್ಕಿಯಾದ. ಬೇಕಂತ ಮಾಡಿದ್ದಲ್ಲ ಎಂದರೆ ಸಮಾಧಾನವಾಗಬೇಕು, ಅವಳ ಕಣ್ಣಲ್ಲಿ ನೀರೇಕೆ? ರಿಮೋಟನ್ನೂ ಅವಳ ಬೆನ್ನನ್ನೂ ನೋಡಿದ. ಅವಳು ತನ್ನ ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಹೊಳೆಯಿತು. ಬೀದಿ ದಾಟಿ ಓಡಿದ.

"ರಂಜಿತಾ! ನಂಗೆ ಗೊತ್ತಾಗಲಿಲ್ಲ. ಗೊತ್ತಾಗಿದ್ರೆ ಬೇಕಂತಲೇ ಮಾಡ್ತಿದ್ದೆ."

ಅವಳು ತಿರುಗಲಿಲ್ಲ. "ಯಾಕೆ?"

"ನೀವು ಮಾಲೂರಿಗೆ ಹೋಗಬಾರದು ಅಂತ."

ಈಗ ತಿರುಗಿದಳು. ಕಣ್ಣು ಒದ್ದೆಯಾಗಿಯೇ ಇತ್ತು, ತುಟಿ ಮಾತ್ರ ನಗು ತಡೆಯಲಾರದೆ ಒದ್ದಾಡುತ್ತಿತ್ತು.

"ಅಪ್ಪನ ಹತ್ರ ಬಂದು ಹೇಳ್ತೀನಿ ಅಂದ್ರಲ್ಲ. ಇದನ್ನೇ ಹೇಳಿ, ಬನ್ನಿ."

ಕದಿರೇಶ್ ಬರಿಗಾಲಲ್ಲೇ ಅವಳ ಹಿಂದೆ ಮೆಟ್ಟಿಲು ಹತ್ತಿದ.