ರಕ್ತನಿಧಿಯಿಂದ ಹೋದ ದೂರು

"ಆ ಬಟನ್ ಒತ್ತಿ ಮೇಡಂ, ಅಷ್ಟೇ!"

"ಒತ್ತಲ್ಲ!"

ಆಸ್ಪತ್ರೆಯ ರಕ್ತನಿಧಿಯ ಟೆಕ್ನಿಷಿಯನ್ ಹುಡುಗಿ ಮೌಸ್ ಮೇಲಿನ ಕೈ ಕದಲಿಸಲಿಲ್ಲ. ಹೆರಿಗೆ ವಾರ್ಡಿನಲ್ಲಿ ಬಾಣಂತಿಯೊಬ್ಬಳಿಗೆ ರಕ್ತಸ್ರಾವ ನಿಂತಿರಲಿಲ್ಲ. ಯಾವ ಚೀಲದ ರಕ್ತ ಹೊಂದುತ್ತದೆಂದು ಹೇಳಬೇಕಾದ ಸಾಫ್ಟ್‌ವೇರೇ ತೆರೆಯುತ್ತಿರಲಿಲ್ಲ. ಪರದೆಯ ತುಂಬ ಎಚ್ಚರಿಕೆ: 'ಈ ಪ್ರೋಗ್ರಾಂ ತಯಾರಿಸಿದವರು ಯಾರೆಂದು ತಿಳಿದಿಲ್ಲ. ತೆರೆದರೆ ಅಪಾಯವಾಗಬಹುದು.'

"ತಯಾರಿಸಿದವನು ನಾನೇ! ಕಣ್ಣೆದುರಿಗೇ ನಿಂತಿದ್ದೀನಲ್ಲ!" ಮೂರು ಮಹಡಿ ಇಳಿದು ಓಡಿಬಂದಿದ್ದ ಆಸ್ಪತ್ರೆಯ ಪ್ರೋಗ್ರಾಮರ್ ಏದುಸಿರು ಬಿಡುತ್ತಿದ್ದ.

"ಅದು ಕಂಪ್ಯೂಟರಿಗೆ ಹೇಗೆ ಗೊತ್ತಾಗ್ಬೇಕು? ಈ ಫೈಲನ್ನ ಯಾರೂ ಮುಟ್ಟಿಲ್ಲ ಅಂತ ಏನು ಗ್ಯಾರಂಟಿ? ಗುಂಪು ತಪ್ಪಿದ್ರೆ ಅಲ್ಲೊಂದು ಜೀವ ಹೋಗುತ್ತೆ!"

ಅವನು ಕೂಡಲೇ ತನ್ನ ವಿಭಾಗಕ್ಕೆ ಫೋನ್ ಮಾಡಿದ. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ತಾನೂ ಬದಲಾಗುವ, ಮೂಲ ಫೈಲಿನ ಗುರುತಿನ ಸಂಕೇತವನ್ನು ಅತ್ತಲಿಂದ ಓದುತ್ತಾ ಹೋದರು. ಅವಳು ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ತಾಳೆ ನೋಡಿದಳು. ಅರವತ್ನಾಲ್ಕೂ ಸರಿಹೋದ ಮೇಲೆಯೇ ಬಟನ್ ಒತ್ತಿದಳು.

ಬಾಣಂತಿ ಉಳಿದಳು. ಹುಡುಗಿಯ ಸಿಟ್ಟು ಮಾತ್ರ ಇಳಿಯಲಿಲ್ಲ. 'ತಯಾರಿಸಿದವರು ಯಾರೆಂದು ಕಂಪ್ಯೂಟರಿಗೆ ತಿಳಿಸುವ ಡಿಜಿಟಲ್ ಸಹಿಯಿಲ್ಲದ ಸಾಫ್ಟ್‌ವೇರ್ ಕೊಟ್ಟು, ಎಚ್ಚರಿಕೆ ಬಂದರೆ ಕಡೆಗಣಿಸಿ ಎನ್ನುವುದು ಬೇಜವಾಬ್ದಾರಿ' ಎಂದು ಅಂದೇ ಅಧೀಕ್ಷಕರಿಗೆ ದೂರು ಬರೆದಳು.

ಎಚ್ಚರಿಕೆ ದಿನಾ ಬರುತ್ತಿತ್ತು. ಅವನೂ ದಿನಾ ಬೆಳಗ್ಗೆ ಬಂದು, ಪಕ್ಕದಲ್ಲಿ ಕೂತು ಸಂಕೇತ ಓದುತ್ತಿದ್ದ. ಮೂರನೇ ವಾರಕ್ಕೆ ಅವಳು ಬೇಕೆಂದೇ ಒಂದಕ್ಷರ ತಾಳೆಯಾಗಲಿಲ್ಲ ಎನ್ನತೊಡಗಿದಳು, ಅವನು ಮತ್ತೆ ಮೊದಲಿನಿಂದ ಓದಲಿ ಎಂದು!

'ಅಯ್ಯೋ... ಏನಾಗಿದೆ ನನಗೆ?'

ಒಂದು ದಿನ ಅವನು ಬರಲೇ ಇಲ್ಲ.

"ಎಲ್ಲೋ ಫೈಲಿನಡಿ ಬಿದ್ದಿದ್ದ ನಿನ್ನ ದೂರು ಇವತ್ತು ಅಧೀಕ್ಷಕರ ಕೈಗೆ ಸಿಕ್ತಂತೆ ಕಣಮ್ಮ," ಎಂದರು ಹಿರಿಯ ನರ್ಸ್. "ಅವನನ್ನ ಒಳಗೆ ಕರೆಸಿದ್ರು. ಹೊರಗೆ ಬಂದವನೇ ಬ್ಯಾಗ್ ತಗೊಂಡು ಹೊರಟುಹೋದ."

ಆ ದೂರನ್ನು ಅವಳು ಮರೆತೇಬಿಟ್ಟಿದ್ದಳು! ಫೋನ್ ಮಾಡಿದಳು. ಸ್ವಿಚ್ ಆಫ್. ನಾಲ್ಕು ದಿನವೂ ಸ್ವಿಚ್ ಆಫ್...

'ನನ್ನ ಕೈಯಾರೆ ಅವರ ಅನ್ನ ಕಿತ್ಕೊಂಡೆ!'

ಐದನೇ ದಿನ ಮಧ್ಯಾಹ್ನ ಬಾಗಿಲಲ್ಲಿ ಅವನೇ ನಿಂತಿದ್ದ. ಒಳಗೆ ಬಂದು ಹೊಸ ಫೈಲ್ ಹಾಕಿದ. ಈ ಬಾರಿ ಎಚ್ಚರಿಕೆ ಬರದೆ ಪ್ರೋಗ್ರಾಂ ನೇರವಾಗಿ ತೆರೆಯಿತು.

"ಸಹಿ ಬೇಕು ಅಂತ ಒಂದು ವರ್ಷದಿಂದ ಕೇಳ್ತಿದ್ದೆ. ಯಾರೂ ಕಿವಿಗೆ ಹಾಕ್ಕೊಂಡಿರ್ಲಿಲ್ಲ. ನಿಮ್ಮ ಪತ್ರ ನೋಡಿ ಒಂದೇ ದಿನದಲ್ಲಿ ಒಪ್ಪಿದ್ರು. ಕಾಗದಪತ್ರಕ್ಕೆ ಓಡಾಡ್ತಿದ್ದೆ."

"ಫೋನ್ ಯಾಕೆ ಆಫ್ ಮಾಡಿದ್ರಿ?" ಅವಳು ಕೇಳಿದಳು.

"ಕೋಪ ಬಂದಿತ್ತು. ದಿನಾ ನಗ್ತಾ ಪಕ್ಕದಲ್ಲಿ ಕೂತವರು ಬೆನ್ನ ಹಿಂದೆ ಹೀಗೆ ಬರೆದ್ರಲ್ಲ ಅಂತ... ಪತ್ರದ ತಾರೀಖು ನೋಡಿದ್ದು ನಿನ್ನೆ. ನಾವು ಜಗಳ ಆಡಿದ ದಿನದ್ದು."

ಅವಳು ಕಣ್ಣೊರೆಸಿಕೊಂಡಳು. "ಕ್ಷಮಿಸಿ..."

"ಕೆಲಸವೇನೋ ಸುಲಭ ಆಯ್ತು. ಆದ್ರೆ ಇನ್ಮೇಲೆ ಬೆಳಗ್ಗೆ ನಾನಿಲ್ಲಿಗೆ ಬರೋಕೆ ಕಾರಣವೇ ಇಲ್ಲ."

"ನಾನಿದ್ದೀನಲ್ಲ!" ಥಟ್ಟನೆ ಅಂದುಬಿಟ್ಟಳು. ಮುಖ ಕೆಂಪಾಯಿತು. "ಅಷ್ಟು ಕಾರಣ ಸಾಲ್ದಾ?"

ಅವನು ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತ.

"ಸಾಕು... ಜೀವನಪೂರ್ತಿ ಸಾಕು."