ತೂಬಿನ ಬಳಿ ಹತ್ತಿದ ಭಾರ

ಮೊಣಕಾಲಿನ ಆಪರೇಷನ್ ಆದ ಮೇಲೆ ಅಂದು ಮೊದಲ ಸಲ ಸೈಕಲ್ ಹತ್ತಿದೆ. ಭಾರ ಎಳೆದರೆ ಕಾಲು ಮತ್ತೆ ಕೆಡುತ್ತದೆ ಎಂದಿದ್ದರು ಡಾಕ್ಟರು. ಅದಕ್ಕೇ ನನ್ನ ಹೆಂಡತಿ ಭುವನಾ ಕ್ಯಾರಿಯರನ್ನೇ ಬಿಚ್ಚಿಸಿದ್ದಳು.

ಬುಕ್ಕಾಂಬುಧಿ ಕೆರೆ ಏರಿಯಲ್ಲಿ, ತೂಬಿನ ಬಳಿ ಅಭ್ಯಾಸಬಲದಿಂದ ನಿಧಾನಿಸಿದೆ. ಅಲ್ಲಿ ಕಾಯುವವರು ಓಡುವ ಸೈಕಲ್ಲಿಗೇ ಹಾರಿ ಕೂರುವುದು ನಮ್ಮ ಕಡೆಯ ರೂಢಿ. ಅಂದು ಯಾರೂ ಇರಲಿಲ್ಲ. ಆದರೂ ಸೈಕಲ್ ಹಿಂದಕ್ಕೆ ಜಗ್ಗಿತು. ಬಿಸಿಲಿನಲ್ಲೂ ಬೆನ್ನು ತಣ್ಣಗಾಯಿತು. ಇಳಿಜಾರಿನಲ್ಲೂ ಪೆಡಲ್ ತುಳಿಯಬೇಕಾಯಿತು, ಮೊಣಕಾಲು ನೋಯತೊಡಗಿತು. ಏರಿ ಮುಗಿದಲ್ಲಿ ಸೈಕಲ್ ತಟ್ಟನೆ ಹಗುರಾಯಿತು.

ಮನೆಯಲ್ಲಿ ಭುವನಾ ನನ್ನ ಬೆನ್ನು ನೋಡಿದಳು. "ಕ್ಯಾರಿಯರ್ ಬಿಚ್ಸಿದ್ರೂ ಬುದ್ಧಿ ಬರ್ಲಿಲ್ವಲ್ರೀ. ಯಾರನ್ನ ಕೂರಿಸ್ಕೊಂಡಿದ್ರಿ?"

ಸೊಂಟದ ಎರಡೂ ಬದಿ ಅಂಗಿ ಮುಷ್ಟಿಯಲ್ಲಿ ಹಿಡಿದಂತೆ ಮುದುಡಿತ್ತು.

ಮೊಣಕಾಲು ಈಗ ವಾಸಿಯಾಗಿದೆ. ಅಂಗಿಯ ಸುಕ್ಕು ಮಾತ್ರ ಎಷ್ಟು ಇಸ್ತ್ರಿ ಮಾಡಿದರೂ ಹೋಗಿಲ್ಲ.