ಗೊತ್ತಿಲ್ಲದ್ದಕ್ಕೆ ಹತ್ತು ದಿನ

"ಮೂವತ್ತು ದಿನ ಸಾಕು. ಕಟ್ಟೆ ಎದ್ದು ನಿಲ್ತದೆ!"

ಗೇರುಸೊಪ್ಪೆಯಿಂದ ಬಂದ ಮೇಸ್ತ್ರಿ ಮಾಬ್ಲ ಊರವರೆದುರು ಹೀಗೆ ಹೇಳಿದ್ದೇ ತಡ, ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ನಕ್ಕವಳು ಸೋಮಿ, ಜಟ್ಟನ ಮಗಳು. ಕುಮಟಾ ಕಡೆಯ ಅಘನಾಶಿನಿ ಹೊಳೆಯಂಚಿನಲ್ಲಿ ಅವರ ಗದ್ದೆ. ಹಿಂದಿನ ವರ್ಷ, ಅಂದರೆ ಅರವತ್ತನೇ ಇಸವಿಯಲ್ಲಿ, ಕಟ್ಟೆ ಒಡೆದು ಉಪ್ಪುನೀರು ನುಗ್ಗಿ ಒಂದು ಕಾಳು ಭತ್ತವೂ ಮನೆ ಸೇರಿರಲಿಲ್ಲ. ಈ ಮಳೆಗೆ ಮೊದಲು ಕಟ್ಟೆ ಆಗದಿದ್ದರೆ ಈ ವರ್ಷವೂ ಅದೇ ಗತಿ.

"ನಗೂಕೆ ಎಂತ ಆತು?" ಮಾಬ್ಲನ ಮುಖ ಕೆಂಪಾಯಿತು.

"ಹುಣ್ಣಿಮೆ, ಅಮಾಸೆ ಬಿಟ್ಟು ಲೆಕ್ಕ ಹಾಕಿದ್ರ್ಯಾ ಮೇಸ್ತ್ರಿಗಳೇ? ಆ ದಿನ ಉಬ್ಬರ ಜೋರು. ಬೆಳಿಗ್ಗೆ ಹಾಕಿದ ಮಣ್ಣು ಸಂಜೆಗೆ ಹೊಳೆಪಾಲು! ನಿಮ್ಮ ಘಟ್ಟದ ಬುಡದ ಕೆಲಸ ಅಲ್ಲ ಇದು."

ಎಲ್ಲರೂ ಗೊಳ್ಳೆಂದರು. 'ಅಯ್ಯೋ, ಜನರೆದುರು ಅನ್ನಬಾರದಿತ್ತು...' ಸೋಮಿಗೆ ಕಸಿವಿಸಿಯಾಯಿತು.

ಮರುದಿನ ಅವನೇ ಅವಳ ಅಂಗಳಕ್ಕೆ ಬಂದ!

"ಯಾವ್ಯಾವ ದಿನ ಕೆಲಸ ನಿಲ್ತದೆ? ಹೇಳು, ಬರ್ಕಂತೆ."

ಅವಳು ಬೆರಳು ಮಡಚಿ ಹನ್ನೆರಡು ದಿನ ಎಣಿಸಿದಳು. ಅವನು ಶಾಲೆಯ ಹುಡುಗನ ಹಾಗೆ ಬರೆದುಕೊಂಡ. ಗಂಡಸಾಗಿ ಹೆಣ್ಣಿನ ಮಾತು ಕೇಳಿ ತಿದ್ದಿಕೊಳ್ಳುವವನನ್ನು ಅವಳು ಅದೇ ಮೊದಲು ನೋಡಿದ್ದು. ಅಂದಿನಿಂದ ಅವಳ ಕಣ್ಣು ಆಗಾಗ ಹೊಳೆಯ ದಾರಿಗೇ ಹೋಗುತ್ತಿತ್ತು.

ವಾರದ ಮೇಲೆ ಪಕ್ಕದ ಮನೆಯ ಅಣ್ಣಪ್ಪ ಸುದ್ದಿ ತಂದ.

"ಕೂಲಿ ದುಡ್ಡು ಕೊಡೂ ತಾಲೂಕು ಕಚೇರಿಗೆ ಕೊಟ್ಟ ಅಂದಾಜಲ್ಲಿ ಮೇಸ್ತ್ರಿ ಐವತ್ತೆರಡು ದಿನ ಬರೆದಾನಂತೆ! ದಿನ ಎಳೆದಷ್ಟೂ ಅವನಿಗೇ ಲಾಭ. ಇಷ್ಟು ಉದ್ದದ ಕೆಲಸ ಕಚೇರಿಯವರು ಒಪ್ಪೂದು ಸುಳ್ಳು."

ಸೋಮಿ ಮಾಬ್ಲನಿದ್ದಲ್ಲಿಗೆ ಓಡಿದಳು.

"ಮೂವತ್ತಕ್ಕೆ ಹನ್ನೆರಡು ಸೇರಿಸಿದ್ರೆ ನಲವತ್ತೆರಡು. ಮತ್ತೆ ಹತ್ತು ಎಲ್ಲಿಂದ ಬಂತು?"

"ಅದು ನಂಗೆ ಗೊತ್ತಿಲ್ಲದ್ದಕ್ಕೆ."

"ಎಂತ?!"

"ಈ ನೀರು ನಂಗೆ ಹೊಸತು. ಒಮ್ಮೆ ತಪ್ಪಿದ್ದೆ, ಇನ್ನೂ ಎಂತೆಂತ ತಪ್ಪಿದ್ದೆನೋ! ಕಡಿಮೆ ಹೇಳಿ ಅರ್ಧದಲ್ಲಿ ಕೈ ಎತ್ತೂಕೆ ನನ್ನಿಂದ ಆಗೂದಿಲ್ಲ."

"ಕಳ್ಳನಿಗೊಂದು ಪಿಳ್ಳೆ ನೆವ! ನಮ್ಮ ಅನ್ನಕ್ಕೆ ಕಲ್ಲು ಹಾಕ್ದ್ರಿ."

ಅವನು ತಲೆ ತಗ್ಗಿಸಿದ.

ಕಚೇರಿ ಒಪ್ಪಿತು. ಏಪ್ರಿಲ್ ಮೊದಲ ವಾರ ಕೆಲಸ ಶುರುವಾಯಿತು. ಸೋಮಿಯೂ ಮಣ್ಣು ಹೊತ್ತಳು, ಆದರೆ ಅವನ ಕಡೆ ತಿರುಗಿಯೂ ನೋಡಲಿಲ್ಲ. ಹಟ ಅಂದರೆ ಹಟ! ಅವನು ಮಾತ್ರ ಅವಳ ಬುಟ್ಟಿಗೆ ಮಣ್ಣು ಕಡಿಮೆ ತುಂಬಿಸುತ್ತಿದ್ದ. ಅದು ಅವಳಿಗೆ ಗೊತ್ತಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು.

ತದಡಿಯಿಂದ ಕಲ್ಲು ತರಬೇಕಿದ್ದ ದೋಣಿ ಮೂರು ದಿನ ತಡವಾಯಿತು. ಆಮೇಲೆ ಕಟ್ಟೆಯ ನಡು ಕೆಸರಿನಲ್ಲಿ ಕುಸಿದು ಆರು ದಿನ ಹೋಯಿತು. ಐವತ್ತೊಂದನೇ ದಿನ ಕೊನೆಯ ಕಂಡಿ ಮುಚ್ಚಿತು.

ಸೋಮಿ ಮಣ್ಣಿನ ಕೈಯಲ್ಲೇ ಬೆರಳು ಮಡಚಿದಳು. ಮೂರು, ಆರು... ಒಂಬತ್ತು! ನಲವತ್ತೆರಡೇ ದಿನ ಬರೆದಿದ್ದರೆ ದುಡ್ಡು ಅಷ್ಟಕ್ಕೇ ಮುಗಿದು ಕೂಲಿಯವರು ಹೊರಟುಹೋಗುತ್ತಿದ್ದರು, ಕಂಡಿ ಬಾಯಿ ತೆರೆದೇ ಇರುತ್ತಿತ್ತು. 'ಎಂಥ ಮಾತು ಆಡಿಬಿಟ್ಟೆ ನಾನು...'

ಹುಣ್ಣಿಮೆಯ ಉಬ್ಬರ ಕಟ್ಟೆಗೆ ಬಡಿದು ಹಿಂದೆ ಸರಿಯಿತು. ಗದ್ದೆಗೆ ಒಂದು ತೊಟ್ಟೂ ಬರಲಿಲ್ಲ. ಜಟ್ಟ ಅಲ್ಲೇ ಕೂತು ಅತ್ತುಬಿಟ್ಟ. ಮಾಬ್ಲ ಮೂಟೆ ಕಟ್ಟುತ್ತಿದ್ದ.

"ಮೇಸ್ತ್ರಿಗಳೇ... ತಪ್ಪಾಯ್ತು."

"ಬಿಡು. ಕೆಲಸ ಆತು. ಇನ್ನು ಇಲ್ಲಿ ನಂಗೆ ಎಂತ ಅದೆ?"

"ನಾ ಇಲ್ವಾ?"

ಹೇಳಿಬಿಟ್ಟ ಮೇಲೆ ನಾಚಿಕೆಗೆ ಅವಳ ಕಣ್ಣು ತುಂಬಿತು. ಅವನ ಕೈಯಿಂದ ಮೂಟೆ ಜಾರಿತು.

"ಅಂಗಳದಲ್ಲಿ ನೀನು ಬೆರಳು ಮಡಚಿದ ದಿನವೇ ನನ್ನ ಮನಸ್ಸು ನಿನ್ನ ಹತ್ರ ಬಂದಿತ್ತು. ಅವ್ವನ್ನ ಕರ್ಕಂಡು ಬರ್ತೆ, ನಿಮ್ಮಪ್ಪನ್ನ ಕೇಳೂಕೆ."

"ಯಾವಾಗ?"

"ನಾಕು ದಿನ..." ತಡೆದು ಯೋಚಿಸಿದ. "ಇಲ್ಲ, ಆರು ಅಂತ ಇಟ್ಕ. ನಿಂಗೆ ಸುಳ್ಳು ಹೇಳೂದಿಲ್ಲ."

ಕಣ್ಣೀರಿನ ನಡುವೆಯೇ ಅವಳಿಗೆ ನಗು ಬಂತು.

ಮೂರನೆಯ ದಿನ ಮಧ್ಯಾಹ್ನ, ಅವ್ವನ ಕೈ ಹಿಡಿದು, ಬೆವರಿ ನೀರಾಗಿ ಅಂಗಳದಲ್ಲಿ ನಿಂತಿದ್ದ!

"ಆರು ಅಂದವ್ರು ಮೂರಕ್ಕೇ ಬಂದ್ರಲ್ಲ?"

"ನನ್ನ ಜೀವ ಎಷ್ಟು ತಡೀತದೆ ಅಂತ ನಂಗೇ ಗೊತ್ತಿರ್ಲಿಲ್ಲ, ಸೋಮಿ."